ಎರಡನೇ ಡಿಸ್ಕಲ್ಲಿ ಉಬುಂಟು, ಮೊದಲನೇದರಲ್ಲಿ ಅಪ್ಪ

ಯಲಹಂಕದ ನಮ್ಮನೆ ಡೆಸ್ಕ್‌ಟಾಪಿಗೆ ವಯಸ್ಸಾಗಿದೆ. ವಿಂಡೋಸ್ 11 ಅದಕ್ಕೆ ಹಿಡಿಸಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನವರು 2025ರ ಅಕ್ಟೋಬರ್ 14ರಂದು ಬೆಂಬಲ ನಿಲ್ಲಿಸಿದರು. ಎತ್ತಿ ಹೊರಗಿಡೋಣ ಅಂದ್ರೆ ಅದರೊಳಗೆ ಅಪ್ಪನ ಹದಿನೈದು ವರ್ಷದ ಬರವಣಿಗೆ ಇದೆ. ಊರ ಜಾತ್ರೆ, ಬತ್ತಿಹೋದ ಕೆರೆ, ಅಜ್ಜಿ ಹೇಳ್ತಿದ್ದ ಗಾದೆಗಳು... ಎಲ್ಲಾ 'ನುಡಿ'ಯಲ್ಲಿ ಕುಟ್ಟಿದ್ದು. "ಏನ್ ಬೇಕಾದ್ರೂ ಹಾಕ್ಕೋ, ನನ್ನ ಡಿಸ್ಕ್ ಮಾತ್ರ ಮುಟ್ಬೇಡ ಕಣೋ" ಅಂದ್ರು.

ಎಲ್ಲವನ್ನೂ ಒಂದು ಪೆನ್‌ಡ್ರೈವಿಗೆ ಕಾಪಿ ಮಾಡಿಟ್ಟು, ಎಸ್.ಪಿ. ರೋಡಿನಿಂದ ಇನ್ನೊಂದು ಡಿಸ್ಕ್ ತಂದೆ. ಇಂಟರ್ನೆಟ್ಟಿಗೆ ಉಬುಂಟು, 'ನುಡಿ'ಗೆ ನೆಟ್ ಇಲ್ಲದ ವಿಂಡೋಸ್. ಇದು ನಮ್ಮಿಬ್ಬರ ಒಪ್ಪಂದ :)

ಎರಡನೇ ಡಿಸ್ಕಿಗೆ ಉಬುಂಟು ಹಾಕೋದು ಸುಲಭ. ತಂಟೆ ಇರೋದು ಬೂಟ್‌ಲೋಡರಿನಲ್ಲಿ. ಇಂಥ ಹಳೇ ಬಯಾಸ್ ಯಂತ್ರ ಎದ್ದ ಕೂಡಲೇ ಮೊದಲ ಡಿಸ್ಕಿನ ಮೊದಲ 512 ಬೈಟ್ ಓದುತ್ತೆ. ಅದರಲ್ಲಿ ಬೂಟ್ ಕೋಡಿಗೆ ಸಿಗೋದು ಬರೀ 446. (ಯುಟಿಎಫ್-8ರಲ್ಲಿ ನಮ್ಮ ಒಂದು 'ಅ'ಗೇ 3 ಬೈಟ್ ಬೇಕು, ಲೆಕ್ಕ ಹಾಕಿ!) ಹಾಗಾಗಿ ಗ್ರಬ್ ಅಲ್ಲಿ ತಲೆ ಮಾತ್ರ ಇಟ್ಟು, ಮೈಯನ್ನ ಲಿನಕ್ಸ್ ಪಾರ್ಟಿಶನ್ನಿನಲ್ಲಿ ಇಡುತ್ತೆ. ತಲೆ ಅಪ್ಪನ ಡಿಸ್ಕಲ್ಲಿ, ಮೈ ನನ್ನ ಡಿಸ್ಕಲ್ಲಿ ಆಯ್ತು ಅನ್ಕೊಳ್ಳಿ. ನಾಳೆ ನನ್ನ ಡಿಸ್ಕ್ ಕೆಟ್ಟರೆ ಅಪ್ಪನ ವಿಂಡೋಸೂ ಏಳಲ್ಲ. ಕಪ್ಪು ಪರದೆ ಮೇಲೆ 'ಗ್ರಬ್ ರೆಸ್ಕ್ಯೂ' ಅಂತ ಬಂದ್ರೆ ಅವರು ಯಾರನ್ನ ಕೇಳಬೇಕು?

ಅದಕ್ಕೇ ಅಪ್ಪನ ಡಿಸ್ಕಿನ ಸಾಟಾ ಕೇಬಲ್ ಕಿತ್ತಿಟ್ಟೆ. ಇನ್‌ಸ್ಟಾಲರಿಗೆ ಕಾಣದ ಡಿಸ್ಕನ್ನ ಅದು ಹೇಗೆ ಮುಟ್ಟುತ್ತೆ? ಮುಗಿದ ಮೇಲೆ ಕೇಬಲ್ ಮತ್ತೆ ಸಿಕ್ಕಿಸಿ, ಬಯಾಸಿನಲ್ಲಿ ಅಪ್ಪನ ಡಿಸ್ಕನ್ನೇ ಮೊದಲು ಉಳಿಸಿದೆ. ಉಬುಂಟು ಬೇಕಾದಾಗ ಆನ್ ಮಾಡಿದ ಕೂಡಲೇ ಎಫ್12 (ಕೆಲವು ಬೋರ್ಡಲ್ಲಿ ಎಫ್8, ಎಫ್11) ಒತ್ತಿ ಎರಡನೇದನ್ನ ಆರಿಸಬೇಕು, ಅಷ್ಟೇ. ಹೊಸ ಯುಇಎಫ್ಐ ಯಂತ್ರಗಳಲ್ಲೂ ಕೇಬಲ್ ಕೀಳೋ ಉಪಾಯ ನಡೆಯುತ್ತೆ.

ಆಮೇಲೊಂದು ತಮಾಷೆ. ಬೆಳಿಗ್ಗೆ ಒಂಬತ್ತಕ್ಕೆ ವಿಂಡೋಸ್ ಗಡಿಯಾರ ಮೂರೂವರೆ ತೋರಿಸ್ತು! ಲಿನಕ್ಸ್ ಯಂತ್ರದ ಗಡಿಯಾರವನ್ನ ಯುಟಿಸಿಯಲ್ಲಿಡುತ್ತೆ, ವಿಂಡೋಸ್ ಅದನ್ನ ನಮ್ಮ ಸಮಯ ಅಂತಲೇ ಓದುತ್ತೆ. ನಡುವೆ ನಮ್ಮ ಐದೂವರೆ ಗಂಟೆ. ಉಬುಂಟುಗೇ ಸ್ಥಳೀಯ ಸಮಯ ಇಟ್ಕೋ ಅಂತ ಹೇಳಿ ಸರಿಮಾಡಿದೆ.

ಉಬುಂಟುವಿನಲ್ಲೂ ಕೆಜಿಪಿ ಕೀಲಿಮಣೆ ಸಿಗೋದರಿಂದ ಅಪ್ಪನ ಬೆರಳಿಗೆ ಹೊಸ ಪಾಠ ಬೇಕಾಗಲಿಲ್ಲ. ಹಳೇ 'ನುಡಿ' ಫೈಲುಗಳನ್ನ ಒಂದೊಂದೇ ಯುನಿಕೋಡಿಗೆ ತರ್ತಿದೀವಿ. ಒತ್ತಕ್ಷರ ಅದಲುಬದಲಾದ ಕಡೆ ಅವರೇ ಕೂತು ತಿದ್ದುತ್ತಾರೆ. ಸದ್ಯಕ್ಕೆ ಜಾತ್ರೆ ಮುಗಿದಿದೆ, ಕೆರೆ ನಡೀತಿದೆ.