ಎರಡಂಕಣದ ಮನೆ

ನಮ್ಮ ಊರಿನ ಮನೆ ಎರಡಂಕಣದ್ದು. ಹಗಲು ಅವ್ವ ಮುದ್ದೆ ಕಟ್ಟುವ ಜಾಗದಲ್ಲೇ ರಾತ್ರಿ ನಮ್ಮ ಚಾಪೆ ಹಾಸುತ್ತದೆ. ನೆಂಟರು ಬಂದರೆ ಚಾಪೆ ಅಟ್ಟಕ್ಕೇರುತ್ತದೆ. ಇಂಥ ಮನೆಯಲ್ಲಿ ಬೆಳೆದವನಿಗೆ ಕ್ಯಾಲ್ಕುಲೇಟರಿನ ಒಳಮನೆ ತಿಳಿಯುವುದು ಕಷ್ಟವಾಗಬಾರದಾಗಿತ್ತು. ಆದರೂ ಎಡವಿದೆನು, ಆ ಕಥೆಯನ್ನೇ ಇಲ್ಲಿ ಹೇಳಹೊರಟಿದ್ದೇನೆ.

ನಮ್ಮ ಸಂಖ್ಯಾಶಾಸ್ತ್ರದ ಅಧ್ಯಾಪಕರ ಬಳಿ ಹಳೆಯದೊಂದು ಟಿಐ-83 ಪ್ಲಸ್ ಇದೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1999ರಲ್ಲಿ ಹೊರತಂದ, ನಕ್ಷೆ ಬರೆಯುವ ಕ್ಯಾಲ್ಕುಲೇಟರು ಅದು. ದಸರೆಯ ರಜೆಗೆ ಅದನ್ನು ನನ್ನ ಕೈಗಿತ್ತು, "ಏನು ಬೇಕಾದರೂ ಮಾಡು, ನನ್ನ ಪಟ್ಟಿಗಳು ಮಾತ್ರ ಜೋಪಾನ ಕಣಯ್ಯ" ಎಂದರು.

ಅದರೊಳಗಿನ ಝಡ್80 ಎಂಬ ಪ್ರೊಸೆಸರು 1976ರಷ್ಟು ಹಿಂದಿನದು. ಕಂಪ್ಯೂಟರಿನ ಹಂಗಿಲ್ಲದೆ, ಅದರ ಸ್ವಂತ ಭಾಷೆಯ ಸಂಕೇತಗಳನ್ನು ಗುಂಡಿಗಳಿಂದಲೇ ಒತ್ತಿ ಬರೆಯಬಹುದೆಂದು ತಿಳಿದಾಗ ನನಗೆ ಹುಚ್ಚು ಹಿಡಿಯಿತು. ನೋಟುಪುಸ್ತಕದಲ್ಲಿ ಎಡಕ್ಕೆ ಆಜ್ಞೆ, ಬಲಕ್ಕೆ ಅದರ ಸಂಕೇತ ಬರೆಯುತ್ತ ಹೋದೆನು. ಅವ್ವನ ರಂಗೋಲಿಯ ಚುಕ್ಕಿಗಳನ್ನು ಪರದೆಯ ಮೇಲೆ ಇಡಿಸಬೇಕೆಂಬುದು ಆಸೆ.

ಮನೆ ಚಿಕ್ಕದು. ಬಳಕೆಗೆ ದೊರೆಯುವ ರ್‍ಯಾಮ್ ಸುಮಾರು 24 ಕಿಲೋಬೈಟು. ಪ್ರೋಗ್ರಾಮು 9ಡಿ95 ಎಂಬ ವಿಳಾಸದಲ್ಲಿ ಕುಳಿತು ನಡೆಯುತ್ತದೆ. ಸಿ000ದ ಆಚೆ ಆಜ್ಞೆಗಳು ನಡೆಯವು. ಎಂದರೆ 8,811 ಬೈಟುಗಳೇ ಅಂಗಳ. ಪರದೆಯ ಚುಕ್ಕಿಗಳು ಅಡ್ಡಕ್ಕೆ 96, ಉದ್ದಕ್ಕೆ 64. ಎಂಟಕ್ಕೊಂದು ಬೈಟಿನಂತೆ 768 ಬೈಟು. ಆ ಚಿತ್ರಕ್ಕೆ 9340ರಿಂದ ಜಾಗವುಂಟು. ಸಾಲದಿದ್ದರೆ ಸಂಖ್ಯಾಶಾಸ್ತ್ರದ ಫಲಿತಾಂಶಗಳಿರುವ 531 ಬೈಟುಗಳನ್ನು ಎರವಲು ಪಡೆಯಬಹುದು. ಹೊರಡುವಾಗ ಅವು ಅಳಿದವೆಂದು ಯಂತ್ರಕ್ಕೆ ತಿಳಿಸಬೇಕು. ಅಟ್ಟವೂ ಇದೆ. ಅದು ಫ್ಲ್ಯಾಶ್ ಸ್ಮೃತಿ. ರ್‍ಯಾಮ್ ಅಳಿದರೂ ಅಲ್ಲಿಟ್ಟದ್ದು ಉಳಿಯುತ್ತದೆ.

ನನ್ನ ರಂಗೋಲಿ ಎಂಟು ಸಾಲಿನದು, ಸಾಲಿಗೆ ಹನ್ನೆರಡು ಚುಕ್ಕಿ. ಎರಡೂ ಎಣಿಕೆಗೆ 'ಬಿ' ಎಂಬ ಒಂದೇ ರಿಜಿಸ್ಟರು. ಆದ್ದರಿಂದ ಸಾಲಿನ ಎಣಿಕೆಯನ್ನು ಸಿ5 ಎಂಬ ಸಂಕೇತದಿಂದ ಸ್ಟ್ಯಾಕಿನ ಮೇಲಿಟ್ಟು, ಚುಕ್ಕಿಗಳನ್ನೆಣಿಸಿ, ಸಿ1ರಿಂದ ಮತ್ತೆ ಇಳಿಸಿಕೊಳ್ಳಬೇಕು. ನಡುರಾತ್ರಿ ಒತ್ತುತ್ತಿದ್ದಾಗ ಆ ಒಂದು ಸಿ1 ಬಿಟ್ಟುಹೋಯಿತು. ಚುಕ್ಕಿಗಳು ಮುಗಿದಾಗ 'ಬಿ' ಸೊನ್ನೆ. ಸೊನ್ನೆಯಲ್ಲಿ ಒಂದು ಕಳೆದರೆ ಒಂದು ಬೈಟಿನ ಲೆಕ್ಕದಲ್ಲಿ 255. ಸಾಲುಗಳು ಮುಗಿಯಲೇ ಇಲ್ಲ! ಪರದೆಯ ಮೇಲೆ ಒಂದು ಚುಕ್ಕಿಯೂ ಮೂಡದೆ, 768 ಬೈಟುಗಳ ಅಂಗಳ ದಾಟಿ, ಅಧ್ಯಾಪಕರ ಅಂಕಿಗಳ ಮೇಲೆಲ್ಲ ನನ್ನ ರಂಗೋಲಿ ಹರಡಿತು. ಯಾವ ಗುಂಡಿಗೂ ಓಗೊಡಲಿಲ್ಲ. ಬ್ಯಾಟರಿ ತೆಗೆದು ಹಾಕಿದೆನು. ಸ್ಮೃತಿ ಅಳಿಯಿತೆಂಬ ಎರಡು ಪದ ಮೂಡಿದವು.

ಪಟ್ಟಿಗಳನ್ನು ಅಟ್ಟಕ್ಕೇರಿಸಲು ನಾಲ್ಕಾರು ಗುಂಡಿಗಳ ಕೆಲಸ. ತಿಳಿದಿದ್ದೂ ನಾಳೆ ಎಂದಿದ್ದೆನು.

ರಜೆ ಮುಗಿಯಿತು. ಬ್ಯಾಟರಿಯ ಮೇಲೆ ತಪ್ಪು ಹೊರಿಸಿ ಹಿಂದಿರುಗಿಸಿಬಿಡೋಣವೆಂದು ಎರಡು ದಿನ ಅಧ್ಯಾಪಕರ ಕೊಠಡಿಯ ಮುಂದೆ ಸುಳಿದೆನು. ಮೂರನೆಯ ದಿನ ಒಳಗೆ ಹೋಗಿ ಇದ್ದದ್ದನ್ನು ಹೇಳಿದೆನು. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಾಳೆಗಳು ಮನೆಯಲ್ಲಿವೆ, ನೀನೇ ಕೂತು ತುಂಬು. ಮೊದಲು ಆ ಸಿ1 ಎಲ್ಲಿ ಬಿಟ್ಟೆ, ತೋರಿಸು" ಎಂದರು.

ಎರಡು ಸಂಜೆ ತುಂಬಿದೆನು. ಅವರು ಬಾಗಿಲು ಬಾಗಿಲಿಗೆ ಹೋಗಿ ಕೇಳಿ ಬರೆದುಕೊಂಡ ಲೆಕ್ಕಗಳು ಅವು: ಮನೆಯಲ್ಲಿ ಎಷ್ಟು ಜನ, ಎಷ್ಟು ಕೂಲಿ, ಎಷ್ಟು ಸಾಲ. ಒಂದೊಂದು ಅಂಕಿಯೂ ನಮ್ಮಂಥದೇ ಒಂದು ಮನೆ. ನಾನು ಅಳಿಸಿದ್ದು ಏನೆಂಬುದು ಆಗ ತಿಳಿಯಿತು. ಎಲ್ಲವನ್ನೂ ಅಟ್ಟಕ್ಕೇರಿಸಿದ ಮೇಲೆಯೇ, ಅವರ ಎದುರಿನಲ್ಲಿ, ತಿದ್ದಿದ ಪ್ರೋಗ್ರಾಮನ್ನು ನಡೆಸಿದೆನು. ತೊಂಬತ್ತಾರು ಚುಕ್ಕಿಗಳು ಮೂಡಿ ನಿಂತವು.

ಆ ಭಾನುವಾರ ಅವರ ಅಪ್ಪಣೆ ಪಡೆದು ಅದನ್ನು ಊರಿಗೆ ಒಯ್ದು ಅವ್ವನಿಗೂ ತೋರಿಸಿದೆನು. ಸೆರಗಿನಿಂದ ಕೈಯೊರಸಿಕೊಂಡು ನೋಡಿ, "ಚುಕ್ಕಿ ಇಟ್ಟಾಯ್ತು, ಎಳೆ ಯಾವಾಗಪ್ಪ ಎಳೆಯೋದು?" ಎಂದಳು.