ಗೇಟಿನ ಮುಂದಿನ ಹದಿನೈದಡಿ

ಬಸವನಗುಡಿಯ ಅಡ್ಡರಸ್ತೆಗಳಲ್ಲಿ ರಸ್ತೆಯ ಅಂಚನ್ನೇ ನೋಡುತ್ತ ನಡೆದರೆ, ಅಟ್ಟದ ಮೇಲಿರಬೇಕಾದ ಸಾಮಾನೆಲ್ಲ ಬೀದಿಯಲ್ಲಿ ಕಾಣಸಿಗುತ್ತದೆ. ಒಂದು ಮನೆಯ ಮುಂದೆ ಸಿಮೆಂಟು ತುಂಬಿದ ಪೇಂಟಿನ ಡಬ್ಬಿ, ಅದರ ನಡುವೆ ನೆಟ್ಟಗೆ ನಿಂತ ತುಕ್ಕು ಪೈಪು. ಪಕ್ಕದ ಮನೆಯದು ಕೈ ಮುರಿದ ಪ್ಲಾಸ್ಟಿಕ್ ಕುರ್ಚಿ. ಅದರಾಚೆ ಗಿಡ ಒಣಗಿಹೋದ ಕುಂಡ. ಮೂಲೆಮನೆಯವರು ಒರಳುಕಲ್ಲನ್ನೇ ಹೊರಗೆ ಉರುಳಿಸಿದ್ದಾರೆ. ಮಿಕ್ಸಿ ಬಂದ ಮೇಲೆ ಕೆಲಸ ಕಳೆದುಕೊಂಡಿದ್ದ ಆ ಕಲ್ಲಿಗೆ ಈಗ ಮತ್ತೆ ನೌಕರಿ ಸಿಕ್ಕಿದೆ. ಇನ್ನು ನಮ್ಮ ಎದುರುಮನೆ ರಾಯರ ಹತ್ತಿರ ಎಂಜಿನ್ ಸತ್ತ ಒಂದು ಸ್ಕೂಟರ್ ಇದೆ. ಬೆಳಗ್ಗೆ ಮಗ ಕಾರು ತೆಗೆದುಕೊಂಡು ಆಫೀಸಿಗೆ ಹೊರಟ ಕೂಡಲೇ ರಾಯರು ಪಂಚೆ ಎತ್ತಿಕಟ್ಟಿ ಅದನ್ನು ತಳ್ಳಿಕೊಂಡು ಬಂದು, ಖಾಲಿಯಾದ ಜಾಗದ ನಟ್ಟನಡುವೆ ಅಡ್ಡ ನಿಲ್ಲಿಸುತ್ತಾರೆ. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ವಿದ್ಯೆಯಲ್ಲಿ ಪಳಗಿದ ತಲೆಮಾರು ಅದು. ಸಂಜೆ ಮಗ ಬರುವ ಹೊತ್ತಿಗೆ ಸ್ಕೂಟರು ಒಳಗೆ, ಕಾರು ಹೊರಗೆ.

ಕಲ್ಲು ಕುಂಡಗಳ ಮೇಲೆ ನಂಬಿಕೆ ಇಲ್ಲದವರು ಬೋರ್ಡು ಬರೆಸುತ್ತಾರೆ. ‘ಗೇಟಿನ ಮುಂದೆ ವಾಹನ ನಿಲ್ಲಿಸಬಾರದು’ ಎನ್ನುವುದು ಸಜ್ಜನರ ಬೋರ್ಡು. ‘ನಿಲ್ಲಿಸಿದರೆ ಗಾಳಿ ತೆಗೆಯಲಾಗುವುದು’ ಎಂಬುದು ಅದರ ಮುಂದುವರಿದ ಭಾಗ. ಗಾಳಿ ತೆಗೆಯುವವರು ಯಾರು ಎಂದು ಮಾತ್ರ ಯಾವ ಬೋರ್ಡೂ ಹೇಳುವುದಿಲ್ಲ.

ಕಾನೂನು ಗೇಟಿನ ಪರವಾಗಿದೆ. ಇನ್ನೊಬ್ಬರ ಆಸ್ತಿಯ ಪ್ರವೇಶದ್ವಾರಕ್ಕೆ, ಬಸ್ ನಿಲ್ದಾಣಕ್ಕೆ ಅಡ್ಡವಾಗಿ ವಾಹನ ನಿಲ್ಲಿಸುವುದು ತಪ್ಪು. ಆದರೆ ಗೇಟಿನ ಪಕ್ಕದ ಹದಿನೈದಡಿ? ಕಾಂಪೌಂಡಿಗೆ ಅಂಟಿಕೊಂಡ ಆ ಜಾಗವನ್ನು ನಾವು ಗುಡಿಸುತ್ತೇವೆ, ನೀರು ಚಿಮುಕಿಸುತ್ತೇವೆ, ರಂಗೋಲಿ ಹಾಕುತ್ತೇವೆ. ಹೀಗೆ ಮಾಡಿ ಮಾಡಿ ಅದು ನಮ್ಮದೇ ಎಂಬ ಭಾವನೆ ಎಷ್ಟು ಬಲಿತಿದೆಯೆಂದರೆ, ಕ್ರಯಪತ್ರ ತೆಗೆದು ಚಕ್ಕುಬಂದಿ ಓದಿ ತೋರಿಸಿದರೂ ಒಪ್ಪುವವರಿಲ್ಲ. ‘ಏನ್ ಸಾರ್ ಇದು, ನಮ್ಮನೆ ಮುಂದೆ ನಮಗೇ ಜಾಗ ಇಲ್ಲ’ ಎಂದು ಬೇಸರಪಡುವವರಲ್ಲಿ ನಾನೂ ಒಬ್ಬ. ನನ್ನ ಕಾರೂ ರಾತ್ರಿ ಕಳೆಯುವುದು ಹೊಂಗೆಮರದ ಕೆಳಗೇ, ಹಕ್ಕಿಗಳ ಕೃಪೆಗೆ ಪಾತ್ರವಾಗಿ.

ಈ ಬಡಾವಣೆ ಹುಟ್ಟಿದ್ದೇ ಇಕ್ಕಟ್ಟಿಗೆ ಹೆದರಿ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದು ಪೇಟೆಯ ಸಂದಿಗೊಂದಿಗಳಲ್ಲಿ ಜನ ಸಾಯತೊಡಗಿದಾಗ, ಗಾಳಿ ಬೆಳಕು ಆಡುವ ಜಾಗ ಬೇಕೆಂದು ಬಸವನಗುಡಿ, ಮಲ್ಲೇಶ್ವರಗಳನ್ನು ಬೆಳೆಸಿದರು. ನೇರ ರಸ್ತೆಗಳು, ಸಾಲುಮರ, ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿ. ಜಟಕಾ ಗಾಡಿಯ ಕಾಲ ಅದು. ಆಮೇಲೆ ಅಲ್ಲೊಂದು ಇಲ್ಲೊಂದು ಬಂಗಲೆಯವರು ಮೋಟಾರು ಕೊಂಡು, ಅದಕ್ಕೆಂದೇ ಹಿತ್ತಲಲ್ಲಿ ಶೆಡ್ಡು ಕಟ್ಟಿಸಿದರು. ಕಾರು ಮನೆಯೊಳಗಿನ ಪ್ರಾಣಿಯಾಗಿತ್ತು. ಅದು ಬೀದಿಗೆ ಬಿದ್ದದ್ದು ಮಧ್ಯಮ ವರ್ಗದ ನಮ್ಮಂಥವರ ಕೈಗೆ ಬಂದ ಮೇಲೆ. 1983ರ ಕೊನೆಯಲ್ಲಿ ಬಂದ ಮಾರುತಿ 800ರ ಉದ್ದ ಹನ್ನೊಂದು ಅಡಿ; ಗೇಟಿನ ಪಕ್ಕ ಮುದುರಿಕೊಂಡು ನಿಲ್ಲುತ್ತಿತ್ತು. ಈಗಿನ ದೊಡ್ಡ ಎಸ್‌ಯುವಿಗಳು ಹದಿನೈದಡಿ ದಾಟುತ್ತವೆ. ಮನೆ ಬೆಳೆದದ್ದು ಮೇಲಕ್ಕೆ, ಕಾರು ಬೆಳೆದದ್ದು ಉದ್ದಕ್ಕೂ ಅಗಲಕ್ಕೂ, ರಸ್ತೆ ಮಾತ್ರ ಇದ್ದ ಹಾಗೇ ಇದೆ.

ಲೆಕ್ಕ ಹಾಕಿದರೆ ಇದು ಮೂರನೇ ಕ್ಲಾಸಿನ ಗಣಿತ. 30–40ರ ಸೈಟಿನ ಮುಂಭಾಗ ಮೂವತ್ತು ಅಡಿ. ಗೇಟಿಗೆ ಹತ್ತು ಹನ್ನೆರಡು ಬಿಟ್ಟರೆ ಉಳಿದದ್ದರಲ್ಲಿ ನಿಲ್ಲುವುದು ಒಂದೇ ಕಾರು. ಅದೇ ಸೈಟಿನಲ್ಲಿ ಈಗ ನೆಲಮಹಡಿ, ಅದರ ಮೇಲೆ ಮೂರು ಮಹಡಿ, ತಾರಸಿಯಲ್ಲೊಂದು ಬ್ಯಾಚುಲರ್ ರೂಮು. ನಾಲ್ಕು ಸಂಸಾರಕ್ಕೆ ನಾಲ್ಕಾದರೂ ಕಾರು. ನಕ್ಷೆಯಲ್ಲಿ ಕೆಳಗೆ ಪಾರ್ಕಿಂಗ್ ಎಂದು ತೋರಿಸಿರುತ್ತಾರೆ. ಅನುಮತಿ ಕೈಗೆ ಬಂದ ಮೇಲೆ ಅಲ್ಲಿ ಇಸ್ತ್ರಿ ಅಂಗಡಿಯೋ ಟ್ಯೂಷನ್ ಕ್ಲಾಸೋ ಹುಟ್ಟಿಕೊಳ್ಳುತ್ತದೆ. ಬಾಡಿಗೆ ತರುವ ಜಾಗದಲ್ಲಿ ಕಾರು ನಿಲ್ಲಿಸಲು ಯಾರಿಗೆ ಮನಸ್ಸು ಬರುತ್ತದೆ, ಬೀದಿ ಪುಕ್ಕಟೆ ಇರುವಾಗ? ಇಪ್ಪತ್ತಡಿಯ ಅಡ್ಡರಸ್ತೆಯಲ್ಲಿ ಎರಡೂ ಬದಿ ಕಾರು ನಿಂತರೆ ನಡುವೆ ಉಳಿಯುವುದು ಎಂಟಡಿ. ಬೆಂಕಿ ಆರಿಸುವ ಗಾಡಿಯ ಅಗಲವೇ ಎಂಟಡಿ. ಸೊಪ್ಪಿನ ಗಾಡಿಯವನು ಮತ್ತು ಕಸದ ಆಟೋದವನು ಎದುರುಬದುರಾದರೆ ಆಗುವ ಮಾತುಕತೆಯನ್ನು ಇಲ್ಲಿ ಬರೆಯುವ ಹಾಗಿಲ್ಲ.

ಇಷ್ಟು ನಮ್ಮದೇ ಕಾರುಗಳ ಕಥೆ. ಹೊರಗಿನವರದು ಬೇರೆ. ಭಾನುವಾರ ಬೆಳಗ್ಗೆ ದೋಸೆ ತಿನ್ನಲು ಊರಿನ ಇನ್ನೊಂದು ತುದಿಯಿಂದ ಗಾಂಧಿ ಬಜಾರಿಗೆ ಬರುವ ಕುಟುಂಬಗಳು ಕಾರನ್ನು ನಮ್ಮ ಬೀದಿಯಲ್ಲಿ ತುರುಕಿ, ಸಾಲಿನಲ್ಲಿ ಕಾದು, ತಿಂದು, ಹೂವು ಹಣ್ಣು ಕೊಂಡು ನಿಧಾನವಾಗಿ ಮರಳುತ್ತವೆ. ಬಜಾರಿನ ಮುಖ್ಯರಸ್ತೆಯಲ್ಲಿ ನಡೆಯುವವರಿಗೆಂದು ಫುಟ್‌ಪಾತ್ ಅಗಲವಾಯಿತು. ನನಗೆ ಅದು ಇಷ್ಟವಾದ ಕೆಲಸ. ಆದರೆ ಅಲ್ಲಿ ನಿಲ್ಲುತ್ತಿದ್ದ ಕಾರುಗಳು ಆವಿಯಾಗಲಿಲ್ಲವಲ್ಲ. ಅವು ಮೂಲೆ ತಿರುಗಿ ನಮ್ಮ ಕಡೆ ಬಂದವು.

ವರ್ಷದಲ್ಲಿ ಎರಡು ಸಲ ಬೀದಿಯ ಕಾರುಗಳಿಗೆ ಜೀವ ಬರುತ್ತದೆ. ಒಂದು ಕಡಲೆಕಾಯಿ ಪರಿಷೆ. ಕಾರ್ತಿಕದ ಕೊನೆಯ ಸೋಮವಾರ ಬುಲ್ ಟೆಂಪಲ್ ರಸ್ತೆಯ ಕಡೆ ಬ್ಯಾರಿಕೇಡ್ ಬೀಳುವ ಮೊದಲು, ಎಲ್ಲರೂ ಬಂಧುಗಳ ಮನೆಗೋ ಆಫೀಸಿನ ನೆಲಮಾಳಿಗೆಗೋ ಕಾರು ದಾಟಿಸುತ್ತಾರೆ. ಇನ್ನೊಂದು ಆಯುಧಪೂಜೆ. ಅಂದು ಧೂಳಿನ ಕವರ್ ತೆಗೆದು, ತೊಳೆದು, ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆದು, ನಾಲ್ಕು ಚಕ್ರಕ್ಕೂ ನಿಂಬೆಹಣ್ಣಿಟ್ಟು ಕಾರನ್ನು ಮುಂದಕ್ಕೆ ಬಿಡಬೇಕು. ನಮ್ಮ ಬೀದಿಯಲ್ಲಿ ನಿಂಬೆಹಣ್ಣು ಅಪ್ಪಚ್ಚಿಯಾಗುವಷ್ಟು ದೂರ ಮಾತ್ರ ಬಿಡುತ್ತಾರೆ. ಅದಕ್ಕಿಂತ ಮುಂದೆ ಹೋದರೆ ಜಾಗ ಹೋಯಿತು. ಹಬ್ಬದ ದಿನವೂ ನಂಬಿಕೆ ಆರಿಂಚಿನಷ್ಟೇ.

ಮೊನ್ನೆ ಗಣಪತಿ ದೇವಸ್ಥಾನದ ಹಾಲಿನಲ್ಲಿ ಬೀದಿಯವರ ಸಭೆ ಸೇರಿತು. ನಮ್ಮ ರಸ್ತೆಯಲ್ಲಿ ಪಾರ್ಕಿಂಗಿಗೆ ಒಂದು ಕಟ್ಟುಪಾಡು ಬೇಕು ಎಂದು ಸರ್ಕಾರಕ್ಕೆ ಅರ್ಜಿ ಕೊಡುವುದು ವಿಷಯ. ಮೊದಲ ಬೇಡಿಕೆ ಸರಾಗವಾಗಿ ಪಾಸಾಯಿತು: ಹೊರಗಿನವರ ವಾಹನ ನಿಷೇಧ. ಆಮೇಲೆ ಹೊರಗಿನವರು ಯಾರು ಎಂದು ಚರ್ಚೆ ಶುರುವಾಯಿತು. ಗೌರಿ ಹಬ್ಬಕ್ಕೆ ಬರುವ ಮಗಳು ಅಳಿಯ? ‘ಅವರು ಹೊರಗಿನವರು ಹೇಗಾಗ್ತಾರೆ ಕಣ್ರೀ!’ ಪಿಜಿಯ ಹುಡುಗರು? ‘ಅವರು ಹೊರಗಿನವರೇ.’ ಆದರೆ ಬಾಡಿಗೆ ಕೊಟ್ಟವರು ನಾವು ತಾನೇ, ಎಂದು ಪಿಜಿ ಮಾಲೀಕರು ಎದ್ದರು. ಟೋಯಿಂಗ್ ಗಾಡಿ ತರಿಸಿ ಎಂದು ಒಬ್ಬರು. ಎತ್ತಿಕೊಂಡು ಹೋದವರ ಜೊತೆಗಿನ ಜಗಳಗಳು ಹೆಚ್ಚಾಗಿ 2022ರಲ್ಲಿ ಅದನ್ನು ಸರ್ಕಾರವೇ ನಿಲ್ಲಿಸಿತ್ತಲ್ಲ, ಎಂದು ಇನ್ನೊಬ್ಬರು. ಸಮ ತಾರೀಖಿಗೆ ಈ ಬದಿ, ಬೆಸ ತಾರೀಖಿಗೆ ಆ ಬದಿ ಎಂಬ ಹಳೆಯ ಪದ್ಧತಿಯನ್ನೂ ಯಾರೋ ನೆನಪಿಸಿದರು. ‘ರಾತ್ರಿ ಹನ್ನೆರಡಕ್ಕೆ ಎದ್ದು ಕಾರು ಆಚೆ ಬದಿಗೆ ಹಾಕೋರ್ಯಾರು?’ ಎಂಬ ಪ್ರಶ್ನೆಗೆ ಅದು ಅಲ್ಲೇ ಮುಗಿಯಿತು.

ಆಗ ಎದ್ದವರು ನಿವೃತ್ತ ಮೇಷ್ಟ್ರು. ಅವರ ಮಗಳು ಜಪಾನಿನಲ್ಲಿದ್ದಾಳೆ. ‘ಅಲ್ಲಿ ಕಾರು ಕೊಳ್ಳೋಕೆ ಮುಂಚೆ, ಅದನ್ನ ನಿಲ್ಲಿಸೋಕೆ ಜಾಗ ಇದೆ ಅಂತ ಪೊಲೀಸರಿಂದ ಸರ್ಟಿಫಿಕೇಟ್ ತರಬೇಕು. ಮನೆಯಿಂದ ಎರಡು ಕಿಲೋಮೀಟರ್ ಒಳಗಿರಬೇಕು. 1962ರಿಂದ ಇರೋ ಕಾನೂನು’ ಎಂದರು. ಹಾಲಿನಲ್ಲಿ ಒಂದು ಕ್ಷಣ ಗೌರವದ ಮೌನ. ಅಂಥದೊಂದು ನಿಯಮ ಬರುತ್ತದಂತೆ ಎಂದು ನಮ್ಮಲ್ಲೂ ಆಗಾಗ ಸುದ್ದಿಯಾಗುತ್ತದೆ, ಕಾರಿನ ಶೋರೂಮುಗಳ ಸಾಲು ಕರಗುವುದಿಲ್ಲ.

ನನಗೆ ನೆನಪಾದದ್ದು ಅಮೆರಿಕದ ಆರ್ಲಿಂಗ್ಟನ್. ಅಲ್ಲಿ ಕಚೇರಿಗಳಿಗೆ ಬರುವವರು ಪಕ್ಕದ ಬಡಾವಣೆಯ ಬೀದಿಗಳಲ್ಲಿ ದಿನವಿಡೀ ಕಾರು ನಿಲ್ಲಿಸಿಹೋಗುತ್ತಿದ್ದರು. ಹಗಲು ನಿವಾಸಿಗಳಿಗೆ ಮಾತ್ರ ಎಂದು ಆಡಳಿತ ಪರ್ಮಿಟ್ ತಂದಿತು. ರಸ್ತೆ ಎಲ್ಲರದ್ದು, ಇದು ತಾರತಮ್ಯ ಎಂದು ಕೆಲವರು ಕೋರ್ಟಿಗೆ ಹೋದರು. ವ್ಯಾಜ್ಯ ಸುಪ್ರೀಂ ಕೋರ್ಟ್ ಮುಟ್ಟಿತು. 1977ರಲ್ಲಿ ಅದು ನಿವಾಸಿಗಳ ಪರ ನಿಂತಿತು. ಅಂದರೆ ನಮ್ಮ ಅರ್ಜಿ ಹುಚ್ಚಿನದೇನಲ್ಲ. ಅಷ್ಟು ದೂರ ಹೋಗುವುದೂ ಬೇಡ. ಬೆಂಗಳೂರಿಗೆಂದೇ ರೂಪಿಸಿದ ಪಾರ್ಕಿಂಗ್ ನೀತಿ 2021ರಲ್ಲೇ ಒಪ್ಪಿಗೆ ಪಡೆದಿದೆ. ಮನೆ ಮುಂದಿನ ರಸ್ತೆಗೆ ವರ್ಷದ ಪರ್ಮಿಟ್: ಸಣ್ಣ ಕಾರಿಗೆ ಸಾವಿರ ರೂಪಾಯಿ, ದೊಡ್ಡದಕ್ಕೆ ಐದು ಸಾವಿರ. ನಮ್ಮ ಬೀದಿಗೆ ಮಾತ್ರ ಅದು ಇನ್ನೂ ತಲುಪಿಲ್ಲ.

ನನ್ನ ಅಭಿಪ್ರಾಯವನ್ನು ಸಭೆಯಲ್ಲಿ ಹೇಳಿದೆ. ಹೊರಗಿನವರನ್ನು ತಡೆಯಿರಿ ಎನ್ನುವ ಮೊದಲು ನಾವು ದುಡ್ಡು ಕಟ್ಟುತ್ತೇವೆ ಎಂದು ಬರೆಯೋಣ. ದೊಡ್ಡ ಕಾರಿಗೇ ದಿನಕ್ಕೆ ಹದಿನಾಲ್ಕು ರೂಪಾಯಿ ಬೀಳಲಿಲ್ಲ, ಒಂದು ಬೈಟು ಕಾಫಿಗೂ ಸಾಲದು. ಕಾರೊಂದಕ್ಕೆ ಬೇಕಾಗುವ ನೂರಮೂವತ್ತು ಚದರಡಿ ಬಸವನಗುಡಿಯಲ್ಲಿ ಇಷ್ಟು ಅಗ್ಗಕ್ಕೆ ಇನ್ನೆಲ್ಲಿ ಸಿಗುತ್ತದೆ? ಬೆಲೆ ಕಟ್ಟದೆ ಹಕ್ಕು ಮಾತ್ರ ಕೇಳಿದರೆ ಅದು ರಾಯರ ಸ್ಕೂಟರಿಗೆ ಸರ್ಕಾರದ ಮೊಹರು ಒತ್ತಿಸಿಕೊಂಡಂತೆಯೇ. ಇಷ್ಟು ಹೇಳಿ ಕುಳಿತೆ. ಫ್ಯಾನಿನ ಸದ್ದು ಚೆನ್ನಾಗಿ ಕೇಳಿಸಿತು.

ಕಾರ್ಯದರ್ಶಿಗಳು ರಾಜಿಯ ಮನುಷ್ಯ. ‘ಮನೆಗೊಂದು ಕಾರು ಫ್ರೀ, ಎರಡನೆಯದಕ್ಕೆ ಸರ್ಕಾರ ನಿಗದಿಪಡಿಸುವ ಸೂಕ್ತ ಶುಲ್ಕ’ ಎಂದು ಬರೆದುಕೊಂಡು ಓದಿದರು. ‘ಸೂಕ್ತ’ದ ಮೇಲೆ ಕಾಲು ಗಂಟೆ ಹೋಯಿತು. ಅರ್ಜಿ ಯಾರ ಹೆಸರಿಗೆ ಎಂಬುದರ ಮೇಲೆ ಇನ್ನೊಂದಿಷ್ಟು, ಏಕೆಂದರೆ 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾಗಿದ್ದವು. ಎಲ್ಲ ಮುಗಿದು, ಸಹಿಗೆಂದು ಹಾಳೆ ಹೊರಟಾಗ, ಅದುವರೆಗೆ ಮೂಲೆಯಲ್ಲಿ ಸುಮ್ಮನೆ ಕೂತಿದ್ದ ಎದುರುಮನೆ ರಾಯರು ಕನ್ನಡಕ ಸರಿಮಾಡಿಕೊಂಡರು.

‘ಸ್ವಾಮಿ, ಒಂದು ಅನುಮಾನ. ಕಾರು ನನ್ನ ಹೆಸರಲ್ಲಿದೆ, ಓಡಿಸೋದು ಮಗ. ಸೊಸೆಯ ಕಾರು ಅವರಪ್ಪನ ಹೆಸರಲ್ಲಿದೆ, ಅವರಿರೋದು ಹಾಸನದಲ್ಲಿ. ಹಾಗಾದ್ರೆ ಅದು ನಮ್ಮನೆ ಎರಡನೇ ಕಾರೋ, ಹಾಸನದೋರ ಮೊದಲನೇ ಕಾರೋ?’

ಕಾರ್ಯದರ್ಶಿಗಳು ಪೆನ್ನಿನ ಮುಚ್ಚಳ ಹಾಕಿ, ಸಭೆಯನ್ನು ಮುಂದಿನ ಭಾನುವಾರಕ್ಕೆ ಮುಂದೂಡಿದರು.