ಕುಮಟಗಿಯಲ್ಲಿ ಅಜ್ಜ ಕೇಳಿದ ಪ್ರಶ್ನೆ

ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ನನಗೆ ಒಳ್ಳೆ ಮಾರ್ಕ್ಸ್ ಬಂದಿದ್ದವು. ಬರ್ನೌಲಿ ಸಮೀಕರಣವನ್ನು ನಿದ್ದೆಗಣ್ಣಲ್ಲೂ ಬರೀತಿದ್ದೆ. ಆ ಸೊಕ್ಕು ಇಳಿದದ್ದು ಕಳೆದ ಬೇಸಿಗೆ ರಜೆಯಲ್ಲಿ.

ನಮ್ಮದು ನವಲಗುಂದ ತಾಲ್ಲೂಕಿನ ಒಂದು ಹಳ್ಳಿ. ಎರಿ ಹೊಲ, ಸವಳು ನೀರು. ಬಾವಿ ತೋಡಿದರೂ ಬಾಯಿಗೆ ಹಾಕೋ ಹಂಗಿಲ್ಲ. ಕುಡಿಯೋಕೆ ಕೆರೆಯೇ ಗತಿ. ವಿಜಯಪುರದಲ್ಲಿ ಸಂಬಂಧಿಕರ ಮದುವೆ ಮುಗಿಸಿಕೊಂಡು, ಅಜ್ಜನನ್ನು ಕರಕೊಂಡು ಸಿಂದಗಿ ರಸ್ತೆ ಹಿಡಿದು ಕುಮಟಗಿಗೆ ಹೋದೆ.

ಅದು ಆದಿಲ್‌ಶಾಹಿ ಸುಲ್ತಾನರ ಬೇಸಿಗೆ ವಿಹಾರತಾಣ. ಕೊಳದ ನಡುವೆ ಮಂಟಪ, ಒಳಗೇ ಹಾಯಿಸಿದ ಕೊಳವೆಗಳು, ಮೇಲಿಂದ ಮಳೆಯಂತೆ ನೀರು ಸುರಿಯುವ ಏರ್ಪಾಟು, ಕಾರಂಜಿ. ಗೋಡೆ ಮೇಲಿನ ಚಿತ್ರಗಳು ಮಾಸಿಹೋಗಿವೆ. ನಾವು ಹೋದಾಗ ಕೊಳದಲ್ಲಿ ಒಂದು ಹನಿ ನೀರಿರಲಿಲ್ಲ. ಅಜ್ಜ ತಲೆ ಎತ್ತಿ ನೋಡ್ತಾ ಕೇಳಿದ, "ತಮ್ಮಾ, ಆಗ ಕರೆಂಟ್ ಇಲ್ಲ, ಮೋಟರ್ ಇಲ್ಲ. ನೀರು ಮ್ಯಾಲ ಹೆಂಗ ಏರ್ತಿತ್ತು?"

"ಪ್ರೆಶರ್ ಹೆಡ್ ಅಜ್ಜಾ."

"ಹಂಗಂದ್ರ?"

ಪಿ ಬೈ ರೋ ಜಿ ಅಂತ ಶುರು ಮಾಡಿ ಅಲ್ಲೇ ನಿಂತೆ. ಸೂತ್ರ ಬಿಟ್ಟು ಬೇರೆ ಮಾತೇ ನನ್ನ ಹತ್ತಿರ ಇರಲಿಲ್ಲ.

ಅಜ್ಜನೇ ಅಂದ, "ಎತ್ತರದಾಗ ನೀರು ನಿಲ್ಲಿಸಿ ಕೊಳವಿ ಕೆಳಗ ಬಿಟ್ಟಿರಬೇಕು. ಎತ್ತರ ಎಷ್ಟೋ ಅಷ್ಟು ಜಿಗೀತದ, ದಾರಿಯೊಳಗ ಸವೆದದ್ದು ಬಿಟ್ಟು."

ಹೆಡ್ಡೂ ಹೆಡ್ ಲಾಸೂ ಒಂದೇ ಮಾತಲ್ಲಿ ಮುಗಿದುಹೋಯಿತು! "ನಿನಗ ಹೆಂಗ ಗೊತ್ತು?" ಅಂದೆ.

"ನಾ ಕಾಲುವಿ ತುದಿಯಾಂವ. ಮ್ಯಾಲಿನವರು ಗೇಟು ಎಷ್ಟು ಎತ್ತಿದ್ರ ನನ್ನ ಹೊಲಕ್ಕ ಎಷ್ಟು ಬರತದಂತ ನಲವತ್ತು ವರ್ಷ ನೋಡೀನಿ."

ಆಮೇಲೆ ಹಾಸ್ಟೆಲ್‌ನಲ್ಲಿ ಕೂತು ಕಾರಂಜಿಗಳ ಬಗ್ಗೆ ಹುಡುಕಿ ಓದಿದೆ. ರೋಮ್ ಹತ್ತಿರದ ತಿವೋಲಿಯಲ್ಲಿ ವಿಲ್ಲಾ ದೆಸ್ತೆ ಇದೆ. 1550ರಲ್ಲಿ ಅಲ್ಲಿಗೆ ಗವರ್ನರ್ ಆಗಿ ಬಂದ ಕಾರ್ಡಿನಲ್ ಇಪ್ಪೊಲಿಟೊ ದೆಸ್ತೆ, ಪಿರ್ರೊ ಲಿಗೋರಿಯೊನಿಂದ ನಕ್ಷೆ ಮಾಡಿಸಿ ಕಟ್ಟಿಸಿದ. ಅನಿಯೆನೆ ನದಿಯ ನೀರನ್ನು ಸುರಂಗದಲ್ಲಿ ತಂದು ಗುಡ್ಡದ ಇಳಿಜಾರಿಗೆ ಬಿಟ್ಟರು. ನೂರಾರು ಚಿಲುಮೆ, ಒಂದೂ ಪಂಪ್ ಇಲ್ಲ. 2001ರಲ್ಲಿ ಅದು ವಿಶ್ವ ಪರಂಪರೆ ಪಟ್ಟಿ ಸೇರಿತು. ಲಿಗೋರಿಯೊಗೂ ನಮ್ಮಜ್ಜನಿಗೂ ಗೊತ್ತಿದ್ದ ವಿಷಯ ಒಂದೇ. ಒಬ್ಬನಿಗೆ ನದಿ ಸಿಕ್ಕಿತು, ಇನ್ನೊಬ್ಬನಿಗೆ ಕಾಲುವೆಯ ತುದಿ.

ಆ ದಿನ ವಾಪಸ್ ಬರುವಾಗ, ಬಸ್ಸು ನವಲಗುಂದ ಮುಟ್ಟಿದಾಗ ಅಜ್ಜ 1980ರ ಜುಲೈ 21ರ ಮಾತು ತೆಗೆದ. ಹೊಲಕ್ಕೆ ನೀರು ಮುಟ್ಟದಿದ್ದರೂ ಮಲಪ್ರಭಾ ಕಾಲುವೆಯ ಕರ ಕಟ್ಟಿರಿ ಅಂದಾಗ ರೈತರು ಬಂಡೆದ್ದರು. ಗುಂಡು ಹಾರಿತು, ರೈತರು ಸತ್ತರು. ಇದನ್ನು ನಾನು ಬರೇ ಪೇಪರಿನಲ್ಲಿ ಓದಿದ್ದೆ. ಅಜ್ಜ ಹೇಳುವಾಗ ಕಿಟಕಿ ಕಡೆ ಮುಖ ಮಾಡಿದ್ದ.

ಹೋದ ವಾರ ಪ್ರಾಜೆಕ್ಟ್ ವಿಷಯ ಕೊಡಬೇಕಿತ್ತು. ಗೆಳೆಯರೆಲ್ಲ ಯಾವುದೋ ಆ್ಯಪ್ ಮಾಡೋಣ ಅಂದರು. ನಾನು "ಕಾಲುವೆ ತುದಿಯಲ್ಲಿ ನೀರಿನ ಹರಿವಿನ ಅಳತೆ" ಅಂತ ಬರೆದುಕೊಟ್ಟೆ. ಖುಷಿಯಿಂದ ಅಜ್ಜನಿಗೆ ಫೋನ್ ಮಾಡಿದೆ.

"ಅಳಿಯೂದಿರ್ಲಿ ತಮ್ಮಾ, ಮೊದ್ಲ ನೀರು ಬರ್ಲಿ" ಅಂದ.